ನೂರಕ್ಕೆ ಏರಿದ ಬಸ್ಸು ಮತ್ತು ಕರಿಯಪ್ಪನವರ ಹಳೆಯ ಗ್ಯಾಪ್ಕ

ಕರಿಯಪ್ಪನವರು ತೊಪ್ಪೂರು ಘಾಟಿಯಲ್ಲಿ ಗಂಟೆಗೆ ನೂರು ಮೈಲಿ ವೇಗದಲ್ಲಿ ಬಸ್ಸು ಓಡಿಸಿದರೆಂಬುದು ಶುದ್ಧ ಸುಳ್ಳು. ಆ ವೇಗಕ್ಕೆ ಅವರಿಗೆ ಬುದ್ಧಿಭ್ರಮಣೆಯಾಯಿತೆಂಬುದು ಎರಡನೆಯ ಸುಳ್ಳು. ಮದುವೆಯ ಗಂಡು ಹೆಣ್ಣು ಇಬ್ಬರೂ ಆ ಬಸ್ಸಿನಲ್ಲಿ ತೀರಿಕೊಂಡರೆಂಬುದು ಸುಳ್ಳು ಮಾತ್ರವಲ್ಲ, ಅಮಂಗಳವೂ ಹೌದು. ಆ ದಂಪತಿಗಳು ಇಂದಿಗೂ ಓಮಲೂರಿನಲ್ಲಿ ಸುಖವಾಗಿದ್ದಾರೆ. ಆದರೂ ನಮ್ಮ ಕನ್ನಡ ಬಳಗದ ಯುಗಾದಿ ಕೂಟದಲ್ಲಿ, ಮೈಕಿನ ಮುಂದೆ ನಿಂತು, ಇವಿಷ್ಟನ್ನೂ ಒಂದೇ ಉಸಿರಿಗೆ ಹೇಳಿ ಕೈಚಪ್ಪಾಳೆ ಗಿಟ್ಟಿಸಿದವರಿದ್ದಾರೆ. ಸಭೆ ನಕ್ಕಿತು. ನಗುವುದಕ್ಕೆ ನನ್ನ ಆಕ್ಷೇಪಣೆಯಿಲ್ಲ, ಸಂಗತಿ ನಗುವಂಥದ್ದೇ. ಆದರೆ ನಡೆದದ್ದಕ್ಕೆ ನಗಬೇಕೇ ಹೊರತು ನಡೆಯದೆ ಇದ್ದದ್ದಕ್ಕಲ್ಲ. ನೂರು ಎಂಬುದು ಮೈಲಿಯಲ್ಲ, ಕಿಲೋಮೀಟರೂ ಅಲ್ಲ, ಮೆಗಾಹರ್ಟ್ಸ್. ಬಸ್ಸು ಎಂಬುದು ಕಂಪ್ಯೂಟರಿನ ಒಳಗೆ ಅಂಕಿಗಳು ಓಡಾಡುವ ದಾರಿ. ತಪ್ಪಿದ್ದು ಕರಿಯಪ್ಪನವರ ತಲೆಯಲ್ಲ, ಆ ಯಂತ್ರದ ಹಳೆಯ ಮೆಮೊರಿ.

ನಾನು ಸೇಲಂ ಜಂಕ್ಷನ್ನಿನ ಪಾರ್ಸಲ್ ಕಚೇರಿಯಲ್ಲಿ ದುಡಿದು ನಿವೃತ್ತನಾದವನು. ಪೆಟ್ಟಿಗೆಯ ಮೇಲೆ ಬರೆದದ್ದೊಂದು, ಒಳಗಿರುವುದೊಂದು ಆಗಿದ್ದರೆ ಅದನ್ನು ಮುಂದಕ್ಕೆ ಕಳುಹಿಸದೆ ತಡೆಯುವುದೇ ನನ್ನ ಉದ್ಯೋಗವಾಗಿತ್ತು. ಸೂರಮಂಗಲದಲ್ಲಿ ಕರಿಯಪ್ಪನವರ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಸಾಲಿನಲ್ಲಿ ಟೆಲಿಫೋನ್ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಹೀಗಾಗಿ ಮುಂದೆ ಬರೆಯುವುದರಲ್ಲಿ ಹೆಚ್ಚಿನದು ನಾನೇ ಕಂಡದ್ದು, ಕೇಳಿದ್ದು. ಡಾಕ್ಟರರ ಕೊಠಡಿಯಲ್ಲಿ ನಡೆದದ್ದನ್ನು ಮಾತ್ರ ಡಾಕ್ಟರ್ ವಸುಧಾ ಅವರಿಂದಲೂ ಕರಿಯಪ್ಪನವರಿಂದಲೂ ಬೇರೆಬೇರೆಯಾಗಿ ಕೇಳಿ, ಎರಡೂ ತಾಳೆಯಾದ ಮೇಲೆ ಸೇರಿಸಿದ್ದೇನೆ.

ಕರಿಯಪ್ಪನವರು ಪೆನ್ನಾಗರದ ಕಡೆಯ ಒಕ್ಕಲು ಮನೆತನದವರು. ಮನೆಯಲ್ಲಿ ಆಡಿದ್ದು ಕನ್ನಡ, ಶಾಲೆಯಲ್ಲಿ ಕಲಿತದ್ದು ತಮಿಳು, ಆ ಶಾಲೆಯನ್ನೂ ಬೇಗನೆ ಬಿಟ್ಟು ಹುಣಸೆಹಣ್ಣು ಸಾಗಿಸುವ ಲಾರಿಯಲ್ಲಿ ಕ್ಲೀನರ್ ಆದರು. ಅಲ್ಲಿಂದ ಸಾಬಕ್ಕಿ ಮಿಲ್ಲಿನ ಲಾರಿಗೆ, ಅಲ್ಲಿಂದ ಪಳನಿಯಪ್ಪನ್ ಎಂಬ ಖಾಸಗಿ ಬಸ್ ಮಾಲೀಕರಲ್ಲಿಗೆ ಬಂದು, ಸೇಲಂ–ಧರ್ಮಪುರಿ ಬಸ್ಸಿನ ಚಾಲಕರಾಗಿ ನೆಲೆ ನಿಂತರು. ಆ ದಾರಿಯಲ್ಲಿ ಅವರಷ್ಟು ನಿಧಾನವಾಗಿ ಬಸ್ಸು ಓಡಿಸಿದವರು ಹಿಂದೆ ಇರಲಿಲ್ಲ, ಮುಂದೆ ಬರುವುದೂ ಸಂಶಯ. ತಮಿಳಿನಲ್ಲಿ ನಿಧಾನವಾಗಿ ಎಂಬುದಕ್ಕೆ ಮೆದುವಾ ಎನ್ನುತ್ತಾರೆ, ಉದ್ದಿನವಡೆಗೆ ಮೆದುವಡೆ ಎನ್ನುತ್ತಾರೆ. ಎರಡನ್ನೂ ಬೆರೆಸಿ, ಜನ ಅವರ ಬಸ್ಸಿಗೆ ಮೆದುವಡೆ ಸರ್ವಿಸ್ ಎಂದು ಹೆಸರಿಟ್ಟಿದ್ದರು. ಪ್ರಯಾಣಿಕನೊಬ್ಬ ಘಾಟಿಯ ಮೇಲಿನ ತಿರುವಿನಲ್ಲಿ ಇಳಿದು, ಕಾಲುದಾರಿಯಲ್ಲಿ ಕೆಳಗೆ ನಡೆದು, ತೊಪ್ಪೂರಿನಲ್ಲಿ ಚಹಾ ಕುಡಿದು ಮುಗಿಸಿ, ಮತ್ತೆ ಅದೇ ಬಸ್ಸನ್ನು ಹತ್ತಿದನೆಂದು ಹೇಳುವುದುಂಟು. ಇದು ಉತ್ಪ್ರೇಕ್ಷೆ. ಬಸ್ಸು ಬಂದಾಗ ಲೋಟದಲ್ಲಿ ಇನ್ನೂ ಅರ್ಧ ಚಹಾ ಉಳಿದಿತ್ತು; ಅವನೇ ನನಗೆ ಹೇಳಿದ್ದಾನೆ.

ಪಳನಿಯಪ್ಪನವರಿಗೆ ಇದರಿಂದ ಆಗುತ್ತಿದ್ದ ಸಂಕಟ ಅಷ್ಟಿಷ್ಟಲ್ಲ. ಹಿಂದಿನಿಂದ ಹೊರಟ ಬಸ್ಸುಗಳೆಲ್ಲ ಮುಂದೆ ಹೋಗಿ ಜನರನ್ನು ಹತ್ತಿಸಿಕೊಳ್ಳುತ್ತಿದ್ದವು. ಬೈದು ನೋಡಿದರು, ಗೋಗರೆದು ನೋಡಿದರು. ಕರಿಯಪ್ಪನವರು ಎಲ್ಲಕ್ಕೂ ಸರಿಯೆಂದು ತಲೆಯಾಡಿಸಿ, ಮರುದಿನ ಹಿಂದಿನ ದಿನದಂತೆಯೇ ಹೋಗಿ ಬರುತ್ತಿದ್ದರು. ಆದರೂ ಅವರನ್ನು ತೆಗೆದುಹಾಕದೆ ಇದ್ದುದಕ್ಕೆ ಕಾರಣವಿತ್ತು. ಆ ಬಸ್ಸಿಗೆ ಅಷ್ಟು ವರ್ಷಗಳಲ್ಲಿ ಒಂದು ಗೀರು ಕೂಡ ಬಿದ್ದಿರಲಿಲ್ಲ.

ಇಂಥ ಮನುಷ್ಯ ಮನೆಯಲ್ಲಿ ವೇಗದ ಹುಚ್ಚು ಹಿಡಿಸಿಕೊಂಡದ್ದು ೧೯೯೯ನೆಯ ಇಸವಿಯಲ್ಲಿ.

ಅವರ ಮಗಳು ಸಂಗೀತಾ ಪದವಿ ಮುಗಿಸಿ, ಮನೆಯ ಮುಂಗೋಣೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು ಮದುವೆ ಪತ್ರಿಕೆಗಳನ್ನೂ ಬೆಳ್ಳಿ ಕಾಲ್ಗೆಜ್ಜೆಯ ಡಬ್ಬಿಗಳ ಮೇಲಿನ ಚೀಟಿಗಳನ್ನೂ ಅಚ್ಚಿಗೆ ಸಿದ್ಧಪಡಿಸಿ ಕೊಡುತ್ತಿದ್ದಳು. ಹಳೆಯ ಪೆಂಟಿಯಂ ಯಂತ್ರ. ಪತ್ರಿಕೆಯ ನೆತ್ತಿಯ ಮೇಲಿನ ಗಣೇಶನ ಚಿತ್ರ ತೆರೆಯ ಮೇಲೆ ಮೂಡುವಷ್ಟರಲ್ಲಿ, ಸೊಂಡಿಲು ಮೊದಲು, ಹೊಟ್ಟೆ ಆಮೇಲೆ, ಇಲಿ ಕಟ್ಟಕಡೆಗೆ, ಅವಳ ಅನ್ನದ ಎಸರು ಉಕ್ಕಿಹೋಗುತ್ತಿತ್ತು. ಆದ್ದರಿಂದ ಐದುರೋಡಿನ ಬಳಿ ಕಂಪ್ಯೂಟರ್ ಅಂಗಡಿ ನಡೆಸುತ್ತಿದ್ದ ಮಣಿಕಂಠನೆಂಬುವನನ್ನು ಕರೆಸಿ, ಹೊಸ ಬೋರ್ಡನ್ನೂ ಅದಕ್ಕೆ ಹೊಂದುವ ಸೆಲೆರಾನ್ ಪ್ರೊಸೆಸರನ್ನೂ ಹಾಕಿಸಿದಳು. ಮೆಮೊರಿಯ ಎರಡು ಪಟ್ಟಿಗಳು ಮಾತ್ರ ಹಳೆಯ ಯಂತ್ರದವೇ. ಅವು ಚೆನ್ನಾಗಿಯೇ ಇದ್ದವು, ಹೊಸ ಬೋರ್ಡಿನಲ್ಲಿ ಸಲೀಸಾಗಿ ಕೂತವು. ತೆಗೆದು ಎಸೆಯಲು ಕಾರಣವಿರಲಿಲ್ಲ.

ಕರಿಯಪ್ಪನವರು ಅಂದು ರಜೆಯಲ್ಲಿದ್ದು, ಮೂಲೆಯಲ್ಲಿ ಪತ್ರಿಕೆ ಓದುತ್ತ ಕೂತಿದ್ದರು. ಕಂಪ್ಯೂಟರಿನ ಕಡೆಗೆ ಅವರು ಅದುವರೆಗೆ ಒಮ್ಮೆಯೂ ತಿರುಗಿ ನೋಡಿದವರಲ್ಲ. ಮಣಿಕಂಠ ಕೆಲಸ ಮುಗಿಸಿ ಸಂಗೀತಾಳಿಗೆ ವಿವರಿಸುತ್ತಿದ್ದ, ಈ ಪ್ರೊಸೆಸರಿನ ಬಸ್ಸು ಅರವತ್ತಾರರಲ್ಲಿ ಓಡುತ್ತದೆ, ಬೋರ್ಡಿಗೆ ನೂರರವರೆಗೂ ಶಕ್ತಿಯಿದೆ, ಎಂದು. ಪತ್ರಿಕೆ ಕೆಳಗಿಳಿಯಿತು.

"ಏನಂದೆ? ಇದ್ರಾಗೆ ಬಸ್ ಓಡ್ತದಾ?"

"ಓಡ್ತದಣ್ಣಾ."

"ಡ್ರೈವರು?"

"ಡ್ರೈವರೂ ಐತೆ. ಅಳೇ ಡ್ರೈವರ್ಗೂ ಒಸಾ ಬೋರ್ಡ್ಗೂ ಒಂದಾಣಿಕೆ ಆಗಲ್ಲ. ಅದನ್ನ ಕಿತ್ತಾಕಿ ಬೇರೆ ಆಕ್ಬೇಕು."

ಕರಿಯಪ್ಪನವರು ಪತ್ರಿಕೆಯನ್ನು ಮಡಿಸಿ ಪಕ್ಕಕ್ಕಿಟ್ಟರು. "ಒಂದ್ ವಾರ್ನಿಂಗ್ ಆದ್ರೂ ಕೊಟ್ಟು ನೋಡ್ದ್ಯಾ?" ಎಂದು ಕೇಳಿದರು.

ಆ ದಿನದಿಂದ ಅವರು ಯಂತ್ರದ ಎದುರಿನಿಂದ ಏಳಲಿಲ್ಲ. ಮಣಿಕಂಠ ಹೇಳಿಕೊಟ್ಟದ್ದನ್ನು ಅವರು ತಮ್ಮದೇ ರೀತಿಯಲ್ಲಿ ಅರ್ಥಮಾಡಿಕೊಂಡರು. ಮೆಮೊರಿ ಎಂದರೆ ಕಂಡಕ್ಟರು. ಬಸ್ಸು ಜೋರಾಗಿ ಓಡಿದರೆ ಮುಂದಿನ ನಿಲ್ದಾಣ ಬರುವುದರೊಳಗೆ ಅವನು ಟಿಕೆಟ್ ಹರಿದು ಮುಗಿಸಬೇಕು. ವಯಸ್ಸಾದ ಕಂಡಕ್ಟರಿಗೆ ಅದು ಆಗದು, ಕೈತಪ್ಪುತ್ತದೆ. ಅಂಥವನಿಗೆ ಪ್ರತಿ ಟಿಕೆಟ್ಟಿಗೂ ಒಂದಿಷ್ಟು ಹೆಚ್ಚು ಬಿಡುವು ಕೊಟ್ಟರೆ ಬಸ್ಸಿನ ವೇಗವನ್ನು ಏರಿಸಿದರೂ ನಿಭಾಯಿಸಿಯಾನು. ಯಂತ್ರದಲ್ಲಿ ಆ ಬಿಡುವನ್ನು ಹೆಚ್ಚಿಸುವ ಸ್ಥಳ ಎಲ್ಲಿದೆಯೆಂದು ಮಣಿಕಂಠ ತೋರಿಸಿಕೊಟ್ಟಿದ್ದ. ಅರವತ್ತಾರಕ್ಕೂ ನೂರಕ್ಕೂ ನಡುವೆ ಎಪ್ಪತ್ತೈದು, ಎಂಬತ್ತಮೂರು ಎಂಬ ನಿಲ್ದಾಣಗಳೂ ಇವೆ, ಅಲ್ಲಲ್ಲಿ ನಿಂತು ನೋಡಿಕೊಂಡು ಮುಂದೆ ಹೋಗುವುದು ಕ್ಷೇಮ ಎಂದೂ ಹೇಳಿದ್ದ. ಎಕ್ಸ್‌ಪ್ರೆಸ್ ಬಸ್ಸು ನಡುವೆ ನಿಲ್ಲುವುದಿಲ್ಲವೆಂದು ಕರಿಯಪ್ಪನವರು ನೇರವಾಗಿ ನೂರಕ್ಕೆ ಹೋದರು.

ಅವರು ಮೆಮೊರಿಯನ್ನು ಮಂಜುಗಡ್ಡೆಯಲ್ಲಿ ಇಟ್ಟರೆಂದು ಯುಗಾದಿ ಕೂಟದಲ್ಲಿ ಹೇಳಿದ್ದು ಕೂಡ ತಪ್ಪು. ಘಾಟಿ ಹತ್ತುವ ಬಸ್ಸಿನ ಬಾನೆಟ್ ಎತ್ತಿದಂತೆ ಡಬ್ಬಿಯ ಪಕ್ಕದ ತಗಡು ಬಿಚ್ಚಿ, ಅದರ ಎದುರಿಗೆ ಮೇಜಿನ ಫ್ಯಾನ್ ಇಟ್ಟರು, ಅಷ್ಟೇ. ಒಮ್ಮೆ ಅಭ್ಯಾಸಬಲದಿಂದ ತಂಬಿಗೆಯಲ್ಲಿ ನೀರು ತಂದದ್ದುಂಟು, ಸಂಗೀತಾ ತಡೆದಳು. ಇನ್ನು ಕೂಟದಲ್ಲಿ ಹೇಳಿದ ನಿಂಬೆಹಣ್ಣಿನ ಸಂಗತಿ ಮಾತ್ರ ನಿಜ. ಹೊಸ ಗಾಡಿಗೆ ಪೂಜೆ ಮಾಡಿ ಚಕ್ರದ ಕೆಳಗೆ ನಿಂಬೆಹಣ್ಣು ಒಡೆಯುವುದು ಪದ್ಧತಿ. ಈ ಗಾಡಿಗೆ ಚಕ್ರವೆಲ್ಲಿ ಎಂದು ಹುಡುಕಿ, ಉರುಳುವಂಥದ್ದು ಮೌಸಿನ ಹೊಟ್ಟೆಯ ಗುಂಡು ಒಂದೇ ಎಂದು ಕಂಡುಕೊಂಡು, ಅದರ ಕೆಳಗೇ ಇಟ್ಟು ಒತ್ತಿದರು. ಆ ಮೌಸ್ ಅನಂತರ ಎಡಕ್ಕೆ ಮಾತ್ರ ಹೋಗುತ್ತಿತ್ತು.

ಇಲ್ಲಿ ಒಂದು ಪದದ ವಿಚಾರ ಬರೆಯಬೇಕು, ಏಕೆಂದರೆ ಆದ ಅನಾಹುತಕ್ಕೆಲ್ಲ ಆ ಪದವೇ ಮೂಲ. ಮೆಮೊರಿ ಎಂಬ ಮಾತು ಕರಿಯಪ್ಪನವರ ಬಾಯಿಗೆ ಒಗ್ಗಲಿಲ್ಲ. ಮಣಿಕಂಠ ರ್‍ಯಾಮ್ ಎನ್ನುತ್ತಿದ್ದ. ಆದರೆ ರಾಮನ ಹೆಸರಿಟ್ಟು, ರಾಮ ಬಿಸಿಯಾದ, ರಾಮ ಸತ್ತ ಎಂದೆಲ್ಲ ಹೇಳುವುದು ಪಾಪವೆಂದು ಕರಿಯಪ್ಪನವರು ಅದನ್ನೂ ಒಪ್ಪಲಿಲ್ಲ. ಜ್ಞಾಪಕ ಎಂಬುದನ್ನು ಅವರ ಊರಿನವರು ಗ್ಯಾಪ್ಕ ಎನ್ನುತ್ತಾರೆ. ಅವರೂ ಹಾಗೆಯೇ ಕರೆದರು. ತಮಿಳಿನಲ್ಲಿ ಅದೇ ಞಾಪಕಂ. ಬಸ್ಸು, ನೂರು, ಗ್ಯಾಪ್ಕ: ಈ ಮೂರು ಮಾತುಗಳು ಕನ್ನಡ ಬಾರದ ತಮಿಳರಿಗೂ ತಿಳಿಯುತ್ತವೆ. ನಡುವೆ ಇರುವ ಮಾತುಗಳು ತಿಳಿಯುವುದಿಲ್ಲ.

ಒಂದು ದಿನ ಬೆಳಿಗ್ಗೆ ಅವರು ಯಂತ್ರವನ್ನು ನೂರಕ್ಕೆ ಏರಿಸಿಟ್ಟು, ಮಗಳಿಗೆ ಹೇಳದೆ ಕೆಲಸಕ್ಕೆ ಹೋದರು. ಸಂಗೀತಾಳ ಕೈಯಲ್ಲಿ ಓಮಲೂರಿನ ಮದುವೆ ಪತ್ರಿಕೆಯಿತ್ತು. ಅರ್ಧ ಕೆಲಸವಾದಾಗ ಯಂತ್ರ ಮರವಟ್ಟಿತು. ಮತ್ತೆ ಹೊರಡಿಸಿದಳು, ಮತ್ತೆ ನಿಂತಿತು. ಕಡೆಗೆ ವಧೂವರರ ಹೆಸರಿದ್ದ ಪುಟವೇ ಅಳಿಸಿಹೋಯಿತು. ಅಷ್ಟರಲ್ಲಿ ನಮ್ಮ ಮನೆಯ ಟೆಲಿಫೋನ್ ರಿಂಗಣಿಸಿತು. ಕರಿಯಪ್ಪನವರು ಧರ್ಮಪುರಿ ಬಸ್ ನಿಲ್ದಾಣದ ಎಸ್.ಟಿ.ಡಿ. ಬೂತಿನಿಂದ ಮಗಳನ್ನು ಕರೆಯುತ್ತಿದ್ದರು. ಊರು ದೂರವಾದಷ್ಟೂ ಧ್ವನಿಯನ್ನು ಏರಿಸಬೇಕೆಂಬುದು ಅವರ ನಂಬಿಕೆ; ಇಂಜಿನ್ನಿನ ಪಕ್ಕದಲ್ಲಿ ಮಾತನಾಡಿ ಗಟ್ಟಿಯಾದ ಗಂಟಲು ಬೇರೆ. ರಿಸೀವರಿನಿಂದ ಅಷ್ಟು ದೂರದಲ್ಲಿ ಕೂತಿದ್ದ ನನಗೆ ಪ್ರತಿಯೊಂದು ಅಕ್ಷರವೂ ಕೇಳಿಸಿತು. ಬಸ್ ನಿಲ್ದಾಣಕ್ಕೂ ಕೇಳಿಸಿತು.

"ಏನವ್ವಾ, ಬಸ್ ನೂರರಾಗೆ ಓಡ್ತೈತಾ?"

"ಓಡಿದ್ರೆ ನಾನ್ಯಾಕಪ್ಪಾ ಇಲ್ಲಿ ಬಂದು ನಿಂತ್ಕತಿದ್ದೆ? ಎರಡ್ ಸಲ ಸತ್ತೋಯ್ತು."

"ಎರಡೇಯಾ? ನೆನ್ನೆ ನಾನು ಓಡ್ಸಿದಾಗ ಮೂರು ಸತ್ತಿತ್ತು. ಪರವಾಗಿಲ್ಲ ಬಿಡು. ಗ್ಯಾಪ್ಕ ಅಳೇದಾಯ್ತಲ್ಲ, ನೂರಕ್ಕೆ ಏರಿದ್ರೆ ಬಿಸಿಯಾಗಿ ತಪ್ಪೋತದೆ."

"ಗ್ಯಾಪ್ಕದ ಮನೆ ಆಳಾಗ. ಗಂಡೂ ಎಣ್ಣೂ ಇಬ್ರೂ ಓದ್ರು."

"ಮದ್ವೆ ಗಂಡೂ ಎಣ್ಣೂ ಇಬ್ರೂವಾ? ಓದ್ರೆ ಓಗ್ಲಿ. ಬೇರೆ ಮಾಡ್ಕಂಡ್ರಾಯ್ತು. ಗಣೇಸ ಉಳ್ದಾ?"

"ಅವ್ನೊಬ್ಬ ಉಳ್ದವ್ನೆ."

"ಅಂಗಾದ್ರೆ ಏನೂ ಆಗ್ಲಿಲ್ಲ ಬುಡು. ನಾನೀಗ ಕೆಳಕ್ಕೆ ಬತ್ತೀನಲ್ಲ, ಬಂದೇಟ್ಗೆ ತಿರ್ಗಾ ನೂರರಾಗೆ ಓಡ್ಸಿ ತೋರುಸ್ತೀನಿ."

ಬೂತಿನ ಹೊರಗೆ, ಅದೇ ಬಸ್ಸಿಗೆ ಕಾಯುತ್ತ, ಮುತ್ತುಸ್ವಾಮಿ ಎಂಬ ಹುಣಸೆಹಣ್ಣಿನ ದಲ್ಲಾಳಿ ನಿಂತಿದ್ದರು. ಚಾಲಕನ ಹಿಂದಿನ ಆಸನ ತಮ್ಮದೆಂದು ಭಾವಿಸಿದ್ದ ನಿತ್ಯದ ಪ್ರಯಾಣಿಕರು. ಅವರ ಮನೆಮಾತು ತಮಿಳು; ಕನ್ನಡದವರೊಡನೆ ವ್ಯಾಪಾರ ಮಾಡಿ ಅರೆಬರೆ ಕನ್ನಡ ಕಲಿತಿದ್ದರು. ಪೂರ್ತಿ ಬಲ್ಲವರು ಅನುಮಾನ ಪಡುತ್ತಾರೆ, ಏನೂ ತಿಳಿಯದವರು ಸುಮ್ಮನಿರುತ್ತಾರೆ. ಅರೆಬರೆ ಬಲ್ಲವರಿಂದಲೇ ತೊಂದರೆ. ಬೂತಿನ ಸಾಲಿನಲ್ಲಿದ್ದವರಿಗೆಲ್ಲ ಅವರು ಅಲ್ಲಿಯೇ ತಮಿಳಿನಲ್ಲಿ ಅನುವಾದಿಸಿ ಹೇಳಿದರು. ಈ ಚಾಲಕ ನೂರರಲ್ಲಿ ಬಸ್ಸು ಓಡಿಸುತ್ತಾನೆ. ನಿನ್ನೆ ಮೂವರು ಸತ್ತರು, ಇಂದು ಇಬ್ಬರು. ಮದುವೆಯ ಗಂಡು ಹೆಣ್ಣು ಹೋದರು, ಗಣೇಶನ್ ಎಂಬುವನೊಬ್ಬ ಉಳಿದಿದ್ದಾನೆ. ಹೋದವರು ಹೋಗಲಿ, ಬೇರೆ ಮಾಡಿಕೊಳ್ಳೋಣ ಎನ್ನುತ್ತಾನೆ. ಬಿಸಿಯೇರಿದರೆ ಇವನಿಗೆ ಞಾಪಕ ತಪ್ಪುತ್ತದಂತೆ. ಈಗ ಘಾಟಿ ಇಳಿಯುವಾಗ ಮತ್ತೆ ನೂರರಲ್ಲಿ ಓಡಿಸಿ ತೋರಿಸುತ್ತಾನಂತೆ.

ಕರಿಯಪ್ಪನವರು ಬೂತಿನಿಂದ ಹೊರಬಂದಾಗ ಬಸ್ಸಿನಲ್ಲಿ ಕಂಡಕ್ಟರ್ ಪೊನ್ನುಸ್ವಾಮಿ ಒಬ್ಬರೇ ಇದ್ದರು. ಅಂದು ಮೆದುವಡೆ ಸರ್ವಿಸ್ ಖಾಲಿಯಾಗಿ, ತನ್ನ ಎಂದಿನ ವೇಗದಲ್ಲಿ, ಘಾಟಿ ಇಳಿಯಿತು.

ಬಸ್ಸು ಸೇಲಂ ತಲುಪುವುದಕ್ಕೆ ಬಹಳ ಮೊದಲೇ ಮುತ್ತುಸ್ವಾಮಿಯವರು ಬೇರೆ ಬಸ್ಸು ಹಿಡಿದು ಬಂದು ಪಳನಿಯಪ್ಪನವರಿಗೆ ದೂರು ಕೊಟ್ಟಿದ್ದರು. ಪಳನಿಯಪ್ಪನವರು ಮೂರ್ಖರಲ್ಲ. ಆ ಬಸ್ಸನ್ನು ಘಾಟಿಯ ಮೇಲಿಂದ ತಳ್ಳಿದರೂ ನೂರನ್ನು ಮುಟ್ಟುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಬಸ್ಸು ಬಂದ ಮೇಲೆ ಸುತ್ತಲೂ ತಿರುಗಿ ನೋಡಿದರು, ಗೀರಿಲ್ಲ, ರಕ್ತವಿಲ್ಲ. ಯಾರೂ ಸತ್ತಿಲ್ಲ. ಹಾಗಿದ್ದೂ ಈ ಮನುಷ್ಯ ಸಾವುಗಳನ್ನು ಎಣಿಸಿ ಮಗಳಿಗೆ ವರದಿ ಒಪ್ಪಿಸುತ್ತಿದ್ದಾನೆಂದರೆ, ಕೆಟ್ಟಿರುವುದು ಬಸ್ಸಲ್ಲ, ತಲೆ. ಅವರ ತರ್ಕದಲ್ಲಿ ನನಗೆ ಇಂದಿಗೂ ದೋಷ ಕಾಣುವುದಿಲ್ಲ.

ತಲೆ ಕೆಟ್ಟವರನ್ನು ಕೆರಳಿಸಬಾರದೆಂದು ಅವರು ಏನನ್ನೂ ಕೇಳಲಿಲ್ಲ. ಬಹಳ ಮೃದುವಾಗಿ ಮಾತನಾಡಿದರು. ಅವರಾಡಿದ ತಮಿಳನ್ನು ಪದ ಬಿಡದೆ ಕನ್ನಡಕ್ಕೆ ತಂದರೆ ಹೀಗಾಗುತ್ತದೆ: "ಕರಿಯಪ್ಪಾ, ನೀನು ನಿನ್ನ ಞಾಪಕವನ್ನು ಡಾಕ್ಟರಮ್ಮನಿಗೆ ಒಮ್ಮೆ ತೋರಿಸಿಕೊಂಡು ಬಾ. ಅವರು ಸರಿಯೆಂದರೆ ಗಾಡಿ ನಿನ್ನದು. ಇಲ್ಲವೆಂದರೆ ಶೆಡ್ಡಿನಲ್ಲಿ ಟೈರು ನೋಡಿಕೊಂಡಿರು." ಹೀಗೆಂದು ಬಸ್ಸಿನ ಕೀಲಿಕೈ ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು.

ಕರಿಯಪ್ಪನವರಿಗೆ ಆ ಆಸನದ ಹೊರತು ಬೇರೆ ಬದುಕಿರಲಿಲ್ಲ. ಮನೆಯ ಕುರ್ಚಿಯಲ್ಲಿ ಕೂತಾಗಲೂ ಬಲಗಾಲು ಬ್ರೇಕನ್ನು ಹುಡುಕುತ್ತಿತ್ತು. ಆ ಸಂಜೆ ನಮ್ಮ ಜಗಲಿಗೆ ಬಂದು, ಟೈರುಗಳ ನಡುವೆ ಕೂತು ಸಾಯುವ ಹಣೆಬರಹ ಬಂತಲ್ಲ ಅಯ್ನೋರೇ ಎಂದು ಕಣ್ಣೊರೆಸಿಕೊಂಡರು. ಆದರೆ ಅವರಿಗೆ ಅರ್ಥವ್ಯತ್ಯಾಸವೇನೂ ಹೊಳೆದಿರಲಿಲ್ಲ. ಮೊದಲಾಳಿಗೆ, ಎಂದರೆ ಮಾಲೀಕರಿಗೆ, ಕಂಪ್ಯೂಟರಿನ ವಿಷಯ ಹೇಗೋ ತಿಳಿದಿದೆ, ಅದಕ್ಕೂ ಡಾಕ್ಟರರಿದ್ದಾರೆಂದು ತನಗೆ ಗೊತ್ತಿರಲಿಲ್ಲ, ಇರಲಿ, ತೋರಿಸುತ್ತೇನೆ, ಎಂದರು. ಡಾಕ್ಟರು ಎಂಬ ಮಾತಿಗೆ ನಾನು ಹುಬ್ಬೇರಿಸುವಷ್ಟರಲ್ಲಿ ಎದ್ದು ಹೋಗಿಬಿಟ್ಟರು.

ಮರುದಿನ ಅವರು ಯಂತ್ರದಿಂದ ಮೆಮೊರಿಯ ಪಟ್ಟಿಗಳನ್ನು ಬಿಚ್ಚಿ, ಒಗೆದ ಕರವಸ್ತ್ರದಲ್ಲಿ ಸುತ್ತಿ, ಖಾಕಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಡಾಕ್ಟರ್ ವಸುಧಾ ಅವರ ಆಸ್ಪತ್ರೆಗೆ ಹೋದರು. ವಸುಧಾ ನಮ್ಮ ಕನ್ನಡದವರೇ, ನಗರದಲ್ಲಿ ಒಳ್ಳೆಯ ಹೆಸರು ಪಡೆದವರು. ಪಳನಿಯಪ್ಪನವರು ಅವರಿಗೆ ಮೊದಲೇ ಹೇಳಿಕಳುಹಿಸಿದ್ದರು. ಅವರು ರೋಗಿಯನ್ನು ಕೂರಿಸಿ, ನಿಮ್ಮ ಜ್ಞಾಪಕ ಹೇಗಿದೆ ಎಂದು ಕೇಳಿದರು. ಕರಿಯಪ್ಪನವರು ಕರವಸ್ತ್ರ ಬಿಚ್ಚಿ, ಎರಡು ಹಸಿರು ಪಟ್ಟಿಗಳನ್ನು ಅವರ ಮೇಜಿನ ಮೇಲೆ ಇಟ್ಟರು.

"ಇದೇ ತಾಯೀ ಗ್ಯಾಪ್ಕ. ನೀವೇ ನೋಡಿ."

ಡಾಕ್ಟರ್ ನೋಡಿದರು. ಇದನ್ನು ಯಾವಾಗ ಹೊರತೆಗೆದಿರಿ ಎಂದು ಕೇಳಿದರು.

"ಇವತ್ತೇ ತಾಯೀ. ಕರೆಂಟ್ ಆಫ್ ಮಾಡ್ಬುಟ್ಟೇ ತೆಗ್ದಿದ್ದು."

"ತೆಗೆದ ಮೇಲೆ ಹೇಗನ್ನಿಸ್ತಿದೆ?"

"ಏನೂ ಓಡಲ್ಲ. ಬೀಪ್ ಬೀಪ್ ಅಂತ ಕೂಗ್ಕಂತ ಕೂತದೆ."

"ಮೊದಲೂ ತೊಂದರೆ ಇತ್ತಾ?"

"ಅರವತ್ತಾರ್ರಾಗೆ ಒಂದಿನಾನೂ ತೊಂದ್ರೆ ಕೊಟ್ಟಿಲ್ಲ. ನೂರಾದ್ಮೇಲೇಯಾ ತಪ್ಪಕ್ಕೆ ಸುರುವಾಗಿದ್ದು."

ವಸುಧಾ ಅವರು ಎದುರಿನ ಕಾಗದದಲ್ಲಿ ರೋಗಿಯ ವಯಸ್ಸನ್ನು ನೋಡಿದರು. ಐವತ್ತೆರಡು ಎಂದಿತ್ತು. ದೀರ್ಘ ವಿಶ್ರಾಂತಿ ಬೇಕು, ವಾಹನ ಚಾಲನೆ ಕೂಡದು ಎಂದು ಬರೆದು ಕೊಟ್ಟರು. ಈ ಕಾರಣಕ್ಕೆ ಅವರನ್ನು ಹಾಸ್ಯ ಮಾಡುವವರ ಮೇಲೆ ನನಗೆ ಸಿಟ್ಟಿದೆ. ಒಬ್ಬ ಮನುಷ್ಯ ತನ್ನ ಜ್ಞಾಪಕವನ್ನು ತಲೆಯಿಂದ ತೆಗೆದು ಮೇಜಿನ ಮೇಲೆ ಇಟ್ಟಾಗ ಯಾವ ಡಾಕ್ಟರಾದರೂ ಬೇರೇನು ಬರೆದಾರು?

ಇತ್ತ ಸಂಗೀತಾ ಯಂತ್ರ ಹಚ್ಚಿದರೆ ಅದು ಬೀಪ್ ಎನ್ನುತ್ತಿತ್ತು. ಒಳಗೆ ನೋಡಿದರೆ ಮೆಮೊರಿ ಇಲ್ಲ. ಕಳ್ಳರು ಬಂದರೆಂದು ನಮ್ಮ ಮನೆಗೆ ಓಡಿ ಬಂದಳು. ಅದೇ ಹೊತ್ತಿಗೆ ತಂದೆಯೂ ಚೀಟಿ ಹಿಡಿದು ಹಿಂದಿರುಗಿದರು. ಡಾಕ್ಟರಮ್ಮ ಪಟ್ಟಿಗಳನ್ನು ಕೈಯಲ್ಲಿ ಮುಟ್ಟಿ ಕೂಡ ನೋಡಲಿಲ್ಲ, ಎಂಥ ಡಾಕ್ಟರೋ, ಎಂದು ದೂರಿದರು. ಸಂಗೀತಾ ಚೀಟಿ ಓದಿದಳು, ತಂದೆಯ ಜೇಬು ನೋಡಿದಳು, ಟೆಲಿಫೋನಿನಲ್ಲಿ ಆಡಿದ ಮಾತುಗಳನ್ನು ಒಂದೊಂದಾಗಿ ನೆನಪಿಸಿಕೊಂಡಳು. ಆಮೇಲೆ ನೆಲದ ಮೇಲೆ ಕೂತುಬಿಟ್ಟಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ನಾನು ಖಚಿತವಾಗಿ ಹೇಳಲಾರೆ.

ಕೂತಲ್ಲಿಂದ ಎದ್ದವಳೇ ನೇರವಾಗಿ ಪಳನಿಯಪ್ಪನವರ ಶೆಡ್ಡಿಗೆ ಹೋದಳು. ನೂರರಲ್ಲಿ ಓಡಿದ್ದು ನಿಮ್ಮ ಬಸ್ಸಲ್ಲ, ನಮ್ಮ ಮನೆಯ ಡಬ್ಬಿಯೊಳಗಿನ ಬಸ್ಸು ಎಂದು ವಿವರಿಸಿದಳು. ಅಪ್ಪನಂತೆಯೇ ಮಗಳು ಎಂದು ಪಳನಿಯಪ್ಪನವರು ಮೊದಲು ಮರುಗಿದರಂತೆ. ಅವಳು ಬಿಡಲಿಲ್ಲ. ಕಡೆಗೆ ಅವರು ಒಂದು ಮಾತು ಕೊಟ್ಟರು. ಡಬ್ಬಿಯೊಳಗೆ ಬಸ್ಸು ನೂರರಲ್ಲಿ ಓಡುವುದನ್ನು ಕಣ್ಣಾರೆ ಕಂಡರೆ ಕೀಲಿಕೈ ಹಿಂದಿರುಗಿಸುವುದು, ಇಲ್ಲವಾದರೆ ಟೈರು.

ಆ ಮಧ್ಯಾಹ್ನ ಪಳನಿಯಪ್ಪನವರು ಬಂದರು. ಜೊತೆಗೆ ಮುತ್ತುಸ್ವಾಮಿಯವರು, ಸಾಕ್ಷಿಯೆಂದು ತಾವೇ ಹೇಳಿಕೊಂಡು. ಮುಂಗೋಣೆಯಲ್ಲಿ ಕುರ್ಚಿ ಸಾಲದೆ ನಮ್ಮ ಮನೆಯಿಂದಲೂ ತಂದೆವು. ಎಲ್ಲರೂ ಒಬ್ಬರ ಹಿಂದೊಬ್ಬರು ಕೂತದ್ದರಿಂದ ಕೋಣೆ ತಂತಾನೇ ಬಸ್ಸಿನಂತಾಯಿತು. ಮುತ್ತುಸ್ವಾಮಿಯವರು ಕರಿಯಪ್ಪನವರ ಬೆನ್ನ ಹಿಂದಿನ ಕುರ್ಚಿಯನ್ನೇ ಹಿಡಿದರು. ಕರಿಯಪ್ಪನವರು ಪಟ್ಟಿಗಳನ್ನು ಸ್ವಸ್ಥಾನಕ್ಕೆ ಸೇರಿಸಿ, ಫ್ಯಾನ್ ತಿರುಗಿಸಿ, ತೆರೆಗೆ ಕೈ ಮುಗಿದು ಗುಂಡಿ ಒತ್ತಿದರು. ಬೀಪ್ ಒಂದೇ ಸಲ ಬಂತು. ಒಂದೇ ಆದರೆ ಶುಭ ಎಂದು ಸಂಗೀತಾ ಪಿಸುಗುಟ್ಟಿದಳು. ವೇಗವನ್ನು ಗೊತ್ತುಮಾಡುವ ನೀಲಿ ಪುಟ ತೆರೆಯಿತು. ಬಸ್ಸಿನ ಸಾಲಿನಲ್ಲಿ ನೂರು ಎಂಬ ಅಂಕಿಯಿತ್ತು. ನಾನು ನೋಡಿದೆ, ಪಳನಿಯಪ್ಪನವರೂ ಕನ್ನಡಕ ಏರಿಸಿ ನೋಡಿದರು. ಇನ್ನು ಒಂದು ಗುಂಡಿ ಒತ್ತಿ, ಯಂತ್ರ ಆ ವೇಗದಲ್ಲಿ ಹೊರಟು, ಗಣೇಶ ಒಮ್ಮೆಗೆ ಮೂಡಿದರೆ ಮುಗಿಯಿತು.

ಕರಿಯಪ್ಪನವರು ಗುಂಡಿಯ ಮೇಲೆ ಬೆರಳಿಟ್ಟರು. ಹಿಂದೆ ತಿರುಗಿ ಕೋಣೆಯನ್ನೊಮ್ಮೆ ನೋಡಿದರು: ಪಳನಿಯಪ್ಪನವರು, ಮುತ್ತುಸ್ವಾಮಿಯವರು, ಬಾಗಿಲಲ್ಲಿ ಮಗಳು, ಗೋಡೆಯ ಬದಿಗೆ ನಾನು. ಮತ್ತೆ ತೆರೆಯ ಕಡೆಗೆ ತಿರುಗಿದರು. ಅಂಕಿ ಇಳಿಯತೊಡಗಿತು. ಎಂಬತ್ತಮೂರು. ಎಪ್ಪತ್ತೈದು. ಅರವತ್ತಾರರಲ್ಲಿ ನಿಂತಿತು. ಆಮೇಲೆ ಗುಂಡಿ ಒತ್ತಿದರು.

"ಅಪ್ಪಾ, ಏನ್ ಮಾಡ್ತಿದ್ದೀಯಾ?" ಎಂದಳು ಸಂಗೀತಾ.

ಮುತ್ತುಸ್ವಾಮಿಯವರು ಎದ್ದು ನಿಂತರು. ನೋಡಿದಿರಾ ಮೊದಲಾಳಿ, ಅರವತ್ತಾರು, ನೂರೆಲ್ಲಿದೆ ಎಂದು ತಮಿಳಿನಲ್ಲಿ ಕೇಳಿದರು. ಪಳನಿಯಪ್ಪನವರು ಅವರನ್ನು ಕೂರುವಂತೆ ಸನ್ನೆ ಮಾಡಿ, ಯಾಕಪ್ಪಾ ಇಳಿಸಿದೆ ಎಂದು ಕರಿಯಪ್ಪನವರನ್ನು ಕೇಳಿದರು.

ಕರಿಯಪ್ಪನವರು ತಮಿಳಿನಲ್ಲೇ ಉತ್ತರಿಸಿದರು. ಕನ್ನಡದಲ್ಲಿ ಅದು ಇಷ್ಟೇ: "ಜನ ಕೂತವ್ರಲ್ಲ ಮೊದಲಾಳಿ."

ತೆರೆಯ ಮೇಲೆ ಗಣೇಶ ಮೂಡತೊಡಗಿದ, ಅರವತ್ತಾರರ ವೇಗದಲ್ಲಿ, ಸೊಂಡಿಲು ಮೊದಲು. ಪಳನಿಯಪ್ಪನವರು ಇಲಿ ಬರುವವರೆಗೂ ಕಾದರು. ಆಮೇಲೆ ನಗೆಯಿಂದ ಅವರ ಹೊಟ್ಟೆ ಕುಲುಕಿತು, ಕುರ್ಚಿ ಕುಲುಕಿತು, ಅದು ನಮ್ಮ ಮನೆಯ ಕುರ್ಚಿಯಾದ್ದರಿಂದ ನನಗೆ ಆತಂಕವೂ ಆಯಿತು. ನಾಲ್ಕು ಜನ ನೋಡುತ್ತಿದ್ದಾರೆಂದು ಈ ಮನುಷ್ಯ ಒಂದು ತಗಡಿನ ಡಬ್ಬಿಯನ್ನೇ ಓಡಿಸಲು ಹೆದರುತ್ತಾನೆ, ಇವನು ಘಾಟಿಯಲ್ಲಿ ಐವತ್ತು ಜನರನ್ನು ಕೂರಿಸಿಕೊಂಡು ನೂರರಲ್ಲಿ ಹೋದನೆಂದು ಹೇಳುವವನ ಞಾಪಕವನ್ನು ಡಾಕ್ಟರಿಗೆ ತೋರಿಸಬೇಕು, ಎಂದು ಮುತ್ತುಸ್ವಾಮಿಯವರ ಕಡೆ ನೋಡಿದರು. ಜೇಬಿನಿಂದ ಕೀಲಿಕೈ ತೆಗೆದು ಕೀಲಿಮಣೆಯ ಮೇಲೆ ಇಟ್ಟರು. ಅದು ಯಾವುದೋ ಗುಂಡಿಯನ್ನು ಒತ್ತಿ, ಗಣೇಶನ ಹಣೆಯ ಮೇಲೆ ಸಾಲಾಗಿ ಸೊನ್ನೆಗಳು ಬಿದ್ದವು.

ಹೊರಡುವಾಗ ಅವರು ಒಂದು ಬೇಡಿಕೆಯಿಟ್ಟರು. ಘಾಟಿ ಬೇಡ, ಊರೊಳಗೆ ಬೇಡ, ಓಮಲೂರು ದಾಟಿದ ಮೇಲೆ ರಸ್ತೆ ನೆಟ್ಟಗಿರುವ ಕಡೆ ಮಾತ್ರ, ಸ್ವಲ್ಪ, ಒಂದೇ ಒಂದು ಚೂರು, ಮುಂದೆ ಒತ್ತಬಾರದೇ ಕರಿಯಪ್ಪಾ ಎಂದು. ಕರಿಯಪ್ಪನವರು ಸರಿಯೆಂದು ತಲೆಯಾಡಿಸಿದರು.

ಮರುದಿನ ನಾನೂ ಆ ಬಸ್ಸಿನಲ್ಲಿದ್ದೆ. ಸುದ್ದಿ ಅಷ್ಟರಲ್ಲಿ ಹಬ್ಬಿತ್ತು. ಓಮಲೂರಿನಲ್ಲಿ ಹತ್ತಿದವರು ಡಬ್ಬಿಯೊಳಗಿನ ಬಸ್ಸಿನ ವಿಷಯ ಕೇಳಿದರು. ಓಡುವ ಬಸ್ಸಿನಲ್ಲಿ ಚಾಲಕ ಮಾತನಾಡಕೂಡದೆಂಬ ನಿಯಮವಿರುವುದರಿಂದ ಕರಿಯಪ್ಪನವರು ಇಂಜಿನ್ ನಿಲ್ಲಿಸಿ, ಹಿಂದಕ್ಕೆ ತಿರುಗಿ, ಪೊನ್ನುಸ್ವಾಮಿಯವರನ್ನು ಮೆಮೊರಿಯ ಸ್ಥಾನದಲ್ಲಿ ನಿಲ್ಲಿಸಿ, ಪೂರ್ತಿಯಾಗಿ ವಿವರಿಸಿದರು. ಮುಂದಿನ ನಿಲ್ದಾಣದಲ್ಲಿ ಹೊಸಬರು ಹತ್ತಿದರು, ಅವರೂ ಕೇಳಿದರು. ಹಿಂದಿನ ಆಸನದಿಂದ ಮುತ್ತುಸ್ವಾಮಿಯವರು ತಮಿಳಿಗೆ ಅನುವಾದಿಸುತ್ತಿದ್ದರು, ಹೆಚ್ಚಿನದನ್ನು ತಪ್ಪಾಗಿ. ನಮ್ಮ ಹಿಂದಿನಿಂದ ಸೇಲಂ ಬಿಟ್ಟ ಬಸ್ಸು ನಮ್ಮನ್ನು ದಾಟಿ, ಧರ್ಮಪುರಿ ಮುಟ್ಟಿ, ಮತ್ತೆ ಸೇಲಮ್ಮಿಗೆ ಹೊರಟು, ತೊಪ್ಪೂರು ಘಾಟಿಯಲ್ಲಿ ನಮಗೆ ಎದುರಾಯಿತು. ಅದರ ಚಾಲಕ ನಗುತ್ತ ಕೈಬೀಸಿದ. ಕರಿಯಪ್ಪನವರು ಬೀಸಲಿಲ್ಲ. ತಿರುವಿನಲ್ಲಿ ಸ್ಟಿಯರಿಂಗಿನಿಂದ ಕೈ ತೆಗೆಯುವುದು ನಿಯಮಕ್ಕೆ ವಿರುದ್ಧ.